ಹಿತ್ತಿಲ ದಾಸವಾಳ ಪ್ರದರ್ಶನಕ್ಕೆ ಹೋಯಿತು

ಸಂಜೆ ದೇವರಿಗೆ ದೀಪ ಹಚ್ಚಿ, ಅನ್ನಕ್ಕೆ ಇಟ್ಟು, ಹುಳಿಯ ಬೇಳೆ ಬೆಂದಿದೆಯೇ ಎಂದು ಸೌಟಿನಲ್ಲಿ ತೆಗೆದು ನೋಡುತ್ತಿದ್ದೆ. ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು ಪುಸ್ತಕದ ಚೀಲವನ್ನು ಮೂಲೆಗೆ ಎಸೆದು ಅಡಿಗೆಮನೆ ಬಾಗಿಲಿಗೆ ಒರಗಿ ನಿಂತಳು.

"ಅಮ್ಮಾ, ಚಿತ್ರಕಲೆ ಪ್ರಾಜೆಕ್ಟು ಕೊಟ್ಟಿದ್ದಾರೆ. ವಾರ್ಷಿಕೋತ್ಸವದ ದಿನ ಪ್ರದರ್ಶನಕ್ಕೆ ಇಡಬೇಕಂತೆ. ನನಗೆ ಬಂದಿರೋ ವಿಷಯ ಹೂವು ಮತ್ತು ಪಾಪ್ ಆರ್ಟ್."

ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ನಮ್ಮತ್ತೆಯವರ ಕಿವಿಗೆ ಇದು ಬಿತ್ತು. "ಪಾಪದ್ದು ಯಾಕೆ ಮಗು? ಏನಾದ್ರೂ ಪುಣ್ಯದ್ದು ಮಾಡು" ಅಂದರು.

ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ನಿಜ ಹೇಳಬೇಕೆಂದರೆ, ಅದು ಪಾಪವೋ ಪುಣ್ಯವೋ ಆಗ ನನಗೂ ಗೊತ್ತಿರಲಿಲ್ಲ. ಮಕ್ಕಳ ಶಾಲೆಯ ಪ್ರಾಜೆಕ್ಟು ಎಂದರೆ ಅರ್ಧ ತಾಯಂದಿರ ತಲೆಯ ಮೇಲೆಯೇ ಬರುತ್ತದಲ್ಲ! ಅಂಗಡಿಯಲ್ಲಿ ಥರ್ಮೋಕೋಲು, ಮಿನುಗು ಕಾಗದ ತಂದು, ರಾತ್ರಿ ಹನ್ನೊಂದರವರೆಗೆ ಅಂಟಿಸಿ, ಬೆಳಿಗ್ಗೆ ಮಗುವಿನ ಕೈಗೆ ಕೊಟ್ಟು ಕಳಿಸುವುದು ನಮ್ಮಲ್ಲಿ ಅನೇಕರಿಗೆ ರೂಢಿ. ನಾನೂ ಹಾಗೆ ಮಾಡಿದವಳೇ. ಈ ಸಲ ಮಾತ್ರ ಬೇರೆಯಾಯಿತು. ಆ ಎರಡು ತಿಂಗಳಲ್ಲಿ ನಮ್ಮ ಮನೆಯವರೆಲ್ಲ ಕಲಿತದ್ದನ್ನು ನಿಮ್ಮೊಡನೆ ಹಂಚಿಕೊಳ್ಳೋಣವೆನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಹಾಗಾದರೆ ಪಾಪ್ ಆರ್ಟ್ ಎಂದರೇನು?

ಪಾಪ್ ಎಂದರೆ ಪಾಪ್ಯುಲರ್, ಜನಪ್ರಿಯ ಎಂಬ ಮಾತಿನ ಮೊಟಕು. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 1960ರ ದಶಕದಲ್ಲಿ ಅಮೆರಿಕದಲ್ಲಿ ಹೆಸರು ಮಾಡಿದ ಕಲೆಯ ರೀತಿ ಇದು. ದಿನಸಿ ಅಂಗಡಿಯ ಡಬ್ಬ, ಜಾಹೀರಾತು, ಸಿನಿಮಾ ತಾರೆಯ ಮುಖ, ಮಕ್ಕಳ ಕಾಮಿಕ್ಸ್ ಪುಸ್ತಕ ಹೀಗೆ ದಿನಾ ಕಣ್ಣಿಗೆ ಬಿದ್ದರೂ ಯಾರೂ ನಿಂತು ನೋಡದ ವಸ್ತುಗಳನ್ನೇ ಈ ಕಲಾವಿದರು ಚಿತ್ರಕ್ಕೆ ಎತ್ತಿಕೊಂಡರು. 1962ರಲ್ಲಿ ಆಂಡಿ ವಾರ್ಹೋಲ್ ಎಂಬಾತ ಕ್ಯಾಂಪ್‌ಬೆಲ್ ಸೂಪಿನ ಡಬ್ಬಗಳ 32 ಚಿತ್ರಗಳನ್ನು ಲಾಸ್ ಏಂಜಲೀಸಿನಲ್ಲಿ ಸಾಲಾಗಿ ಇಟ್ಟಾಗ ಜನ ನಕ್ಕರು. "ಇದೇನು ಕಲಾಶಾಲೆಯೋ ದಿನಸಿ ಅಂಗಡಿಯೋ?" ಎಂಬಂತಿತ್ತು ಅವರ ನಗು. ಇಂದು ಅವು ದೊಡ್ಡ ವಸ್ತುಸಂಗ್ರಹಾಲಯದಲ್ಲಿವೆ.

"ನಮ್ಮ ಕಡೆ ಸೂಪಿನ ಡಬ್ಬ ಎಲ್ಲಿದೆ ಅಮ್ಮ?" ಎಂದಳು ಮಗಳು. ಸೂಪಿನ ಡಬ್ಬ ಇಲ್ಲದಿದ್ದರೆ ಏನಂತೆ, ಹಲ್ಲುಪುಡಿ ಇರಲಿಲ್ಲವೆ? ಹತ್ತಿರದ ನಂಜನಗೂಡಿನಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಆರಂಭಿಸಿದ ಸದ್ವೈದ್ಯಶಾಲೆಯ ಆ ಗುಲಾಬಿ ಬಣ್ಣದ ಹಲ್ಲುಪುಡಿ ಒಂದು ಕಾಲಕ್ಕೆ ಮೈಸೂರು ಸೀಮೆಯ ಬಚ್ಚಲುಮನೆಗಳಲ್ಲೆಲ್ಲ ಇರುತ್ತಿತ್ತು. ಅತ್ತೆಯವರು ತಮ್ಮ ಬಾಲ್ಯದ ಬೆಳಗುಗಳನ್ನು ನೆನೆಸಿಕೊಂಡರೆ ಮೊದಲು ಬರುವುದೇ ಆ ಬಣ್ಣ, ಆ ಘಮ. ಎಲ್ಲರ ಮನೆಯಲ್ಲೂ ಇದ್ದು, ಎಲ್ಲರಿಗೂ ಗೊತ್ತಿದ್ದು, ಯಾರೂ ಚಿತ್ರ ಬರೆಯದಿದ್ದ ವಸ್ತು. ಪಾಪ್ ಆರ್ಟಿಗೆ ಬೇಕಾದದ್ದು ಅಂಥದೇ.

ಒಂದೇ ಚಿತ್ರವನ್ನು ಮತ್ತೆ ಮತ್ತೆ ಅಚ್ಚು ಹಾಕುವುದು ಈ ಕಲೆಯ ಇನ್ನೊಂದು ಲಕ್ಷಣ. ಅದೂ ನಮಗೆ ಹೊಸದಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಹೂಡಿದ ಮೇಲೆ, ಅವನ ಲಕ್ಷ್ಮಿ ಸರಸ್ವತಿಯರು ಅರಮನೆಯಿಂದ ಇಳಿದು ಬಡವರ ದೇವರ ಗೂಡಿಗೂ ಬಂದರು. ಕ್ಯಾಲೆಂಡರಿನ ದೇವರೆಲ್ಲ ಆ ಮನೆತನದವರೇ. ರಾಯ್ ಲಿಕ್ಟೆನ್‌ಸ್ಟೈನ್ ಎಂಬ ಇನ್ನೊಬ್ಬ ಅಮೆರಿಕನ್ ಕಲಾವಿದ ಅಗ್ಗದ ಮುದ್ರಣದ ಸಣ್ಣ ಚುಕ್ಕಿಗಳನ್ನೇ ದೊಡ್ಡದಾಗಿ ಬರೆದು ಪ್ರಸಿದ್ಧನಾದ. ಇದನ್ನು ಓದಿ ಹೇಳಿದಾಗ ನಮ್ಮತ್ತೆಯವರು, "ಚುಕ್ಕಿ ಇಟ್ಟು ಬಿಡಿಸೋದನ್ನ ನಾನು ಐವತ್ತು ವರ್ಷದಿಂದ ಬಾಗಿಲಲ್ಲಿ ಮಾಡ್ತಿದೀನಿ. ಒಬ್ಬರೂ ಬಂದು ಕೇಳಲಿಲ್ಲ" ಅಂದರು. ತಮಾಷೆಗೆ ಅಂದದ್ದೇ. ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು.

ಅಮೆರಿಕದ ಹೂವು, ನಮ್ಮ ಹಿತ್ತಿಲ ಗಿಡ

ಸೂಪಿನ ಡಬ್ಬದ ನಂತರ 1964ರಲ್ಲಿ ವಾರ್ಹೋಲ್ 'ಫ್ಲವರ್ಸ್' ಎಂಬ ಚಿತ್ರಮಾಲೆ ಮಾಡಿದ. ಹಸಿರು ಕಪ್ಪು ಹುಲ್ಲಿನ ಮೇಲೆ ನಾಲ್ಕು ಹೂ. ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಹಳದಿ, ಮತ್ತೊಂದರಲ್ಲಿ ನೀಲಿ. ಡ್ರಾಯಿಂಗ್ ಮೇಷ್ಟ್ರು ಅದರ ಚಿತ್ರವನ್ನು ಮಕ್ಕಳಿಗೆ ತೋರಿಸಿದ್ದರಂತೆ. ಮಗಳು ಅದನ್ನು ನನಗೂ ತೋರಿಸಿ, "ಇದ್ಯಾವುದೋ ಫಾರಿನ್ ಹೂವು" ಅಂದಳು. ಅಲ್ಲಿನವರೂ ಆಗ ಅದನ್ನು ಏನೇನೋ ಹೂವೆಂದು ಕರೆದಿದ್ದರಂತೆ.

ಅದು ದಾಸವಾಳ!

ಹೌದು, ನಮ್ಮ ಬಾವಿಕಟ್ಟೆಯ ಪಕ್ಕದ ಗಿಡದಿಂದ ದಿನಾ ಕಿತ್ತು ಗಣೇಶನಿಗೆ ಏರಿಸುವ ಅದೇ ದಾಸವಾಳ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ಕೇಳಿದ್ದೆ; ಹಿತ್ತಲ ಗಿಡ ಚಿತ್ರವೂ ಅಲ್ಲವೆಂದುಕೊಂಡಿದ್ದೆ. ಮಗಳು ಓಡಿಹೋಗಿ ಒಂದು ಹೂ ಕಿತ್ತು ತಂದಳು.

ನಾನೊಂದು ಪರೀಕ್ಷೆ ಮಾಡಿದೆ. ಹೂವನ್ನು ಬೆನ್ನ ಹಿಂದೆ ಬಚ್ಚಿಟ್ಟು, "ನೋಡದೆ ಬರಿ" ಅಂದೆ. ನಡುವೆ ಒಂದು ಸೊನ್ನೆ, ಸುತ್ತ ಐದು ಸೊನ್ನೆ, ಕೆಳಗೊಂದು ಕಡ್ಡಿ, ಅದಕ್ಕೆರಡು ಎಲೆ. ಶಿಶುವಿಹಾರದಿಂದ ಬರೆದುಕೊಂಡು ಬಂದ 'ಹೂವು' ಅದು. ಯಾವ ಗಿಡದಲ್ಲೂ ಬಿಡುವುದಿಲ್ಲ. ಆಮೇಲೆ ಹೂವನ್ನು ಕೈಗೆ ಕೊಟ್ಟೆ. ಐದು ಎಸಳು, ಒಂದರ ಅಂಚು ಮುಂದಿನದರ ಮೇಲೆ, ಸೀರೆಯ ನೆರಿಗೆಯ ಹಾಗೆ. ನಡುವಿನಿಂದ ಹೊರಟ ಉದ್ದನೆ ದಂಡು, ಅದರ ಮೈತುಂಬ ಹಳದಿ ಪರಾಗದ ಗುಂಡು, ತುದಿಯಲ್ಲಿ ಐದು ಕೆಂಪು ಚುಕ್ಕಿ. ಎಷ್ಟು ವರ್ಷದಿಂದ ಕೀಳುತ್ತಿದ್ದೇನೆ, ಆ ಐದು ಚುಕ್ಕಿಯನ್ನು ನಾನೂ ಎಣಿಸಿರಲಿಲ್ಲ.

ಅಷ್ಟರಲ್ಲಿ ಹುಳಿಗೆ ಬೆಂಡೆಕಾಯಿ ಹೆಚ್ಚಬೇಕಾಗಿತ್ತು. ತೊಟ್ಟಿನ ಕಡೆ ಅಡ್ಡಲಾಗಿ ಕತ್ತರಿಸಿದಾಗ ಮಗಳು ಕೂಗಿಕೊಂಡಳು, "ಅಮ್ಮ, ಇದರೊಳಗೂ ಐದೇ ಮನೆ!" ಕಾಕತಾಳೀಯವಲ್ಲ, ಸಸ್ಯಶಾಸ್ತ್ರದಲ್ಲಿ ಬೆಂಡೆಯೂ ದಾಸವಾಳವೂ ಹತ್ತಿಯೂ ಒಂದೇ ಕುಟುಂಬ. ದಾಸವಾಳ ಪೂಜೆಗೆ, ಬೆಂಡೆ ಅಡಿಗೆಗೆ, ಹತ್ತಿ ಅತ್ತೆಯವರ ಹೂಬತ್ತಿಗೆ. ಒಂದೇ ಮನೆಯ ಮೂವರು ಅಕ್ಕತಂಗಿಯರು. ಬೆಂಡೆಯ ತುಂಡನ್ನು ಬಣ್ಣದಲ್ಲಿ ಅದ್ದಿ ಕಾಗದಕ್ಕೆ ಒತ್ತಿದರೆ ಹೂವಿನ ಅಚ್ಚು ತಾನೇ ಮೂಡುತ್ತದೆ. ಅಂದು ಹುಳಿಗೆ ಬೆಂಡೆಕಾಯಿ ಕಡಿಮೆ ಬಿತ್ತು. ನಮ್ಮ ಯಜಮಾನರು, "ಇವತ್ತು ಹುಳಿ ಬರೀ ತಿಳಿಯಾಗಿದೆಯಲ್ಲ" ಎಂದರು. ನಾವು ಮಾತಾಡಲಿಲ್ಲ.

ಒಂದು ಹೂ, ನಾಲ್ಕು ಬಣ್ಣ

ವಾರ್ಹೋಲನ ಅಚ್ಚಿನ ವಿಧಾನಕ್ಕೆ ಸಿಲ್ಕ್ ಸ್ಕ್ರೀನ್ ಎಂದು ಹೆಸರು. ಚೌಕಟ್ಟಿಗೆ ತೆಳುವಾದ ಬಟ್ಟೆ ಬಿಗಿದು, ಬಣ್ಣ ಬೇಡದ ಕಡೆ ರಂಧ್ರ ಮುಚ್ಚಿ, ಮೇಲಿನಿಂದ ಬಣ್ಣ ಎಳೆಯುವುದು. ನಮ್ಮೂರ ಕಡೆ ಮದುವೆ ಕಾಗದ, ಅಂಗಡಿ ಚೀಲ ಅಚ್ಚು ಹಾಕುವುದೂ ಹೀಗೆಯೇ. ಮೊದಮೊದಲು ಅದಕ್ಕೆ ಬಳಸುತ್ತಿದ್ದುದು ರೇಷ್ಮೆ ಬಟ್ಟೆ, ಆದ್ದರಿಂದ ಆ ಹೆಸರು. ಮೈಸೂರು ರೇಷ್ಮೆ ಸೀರೆಗೆ ಗೂಡಿನಿಂದ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ಇರುವ ತಿರುಮಕೂಡಲು ನರಸೀಪುರದವರಾದ ನಮಗೆ ಇದನ್ನು ಓದಿ ಸ್ವಲ್ಪ ಹೆಮ್ಮೆಯೇ ಆಯಿತೆನ್ನಿ.

ಮನೆಯಲ್ಲಿ ಸ್ಕ್ರೀನು ಎಲ್ಲಿಂದ ಬರಬೇಕು? ಬೀರುವಿನಲ್ಲಿ ಯಜಮಾನರ ಮೊಣಕಾಲಿನ ಹಳೆಯ ಎಕ್ಸ್-ರೇ ಹಾಳೆ ಇತ್ತು. ಅದರಲ್ಲಿ ದಾಸವಾಳದ ಆಕಾರ ಕತ್ತರಿಸಿ ಅಚ್ಚಿನ ಹಾಳೆ ಮಾಡಿಕೊಂಡೆವು. ಬಣ್ಣಕ್ಕೆ ಮಗಳು ಒಂದು ಹಟ ಹಿಡಿದಳು: "ಹೂವಿನ ಬಣ್ಣವನ್ನ ಹೂವಿನಿಂದಲೇ ತೆಗೀಬೇಕು."

ಇದು ನೋಡಲು ಬಲು ಸೊಗಸು, ನೀವೂ ಮಕ್ಕಳಿಗೆ ಮಾಡಿ ತೋರಿಸಿ. ಕೆಂಪು ದಾಸವಾಳದ ಎಸಳನ್ನು ಬಿಳಿ ಕಾಗದಕ್ಕೆ ಉಜ್ಜಿದರೆ ಬರುವುದು ಕೆಂಪಲ್ಲ, ನೇರಳೆ. ಅದರ ಮೇಲೆ ನಿಂಬೆರಸ ಹಚ್ಚಿದರೆ ಗುಲಾಬಿ ಕೆಂಪು. ಅಡಿಗೆ ಸೋಡಾ ಕರಗಿಸಿದ ನೀರು ಹಚ್ಚಿದರೆ ಹಸಿರು ಛಾಯೆ. ಹುಳಿಗೆ ಒಂದು ಬಣ್ಣ, ಕ್ಷಾರಕ್ಕೆ ಒಂದು ಬಣ್ಣ ತಾಳುವ ಗುಣ ಆ ರಸಕ್ಕಿದೆ. ನಾಲ್ಕನೆಯದಕ್ಕೆ ಅತ್ತೆಯವರು ಅರಿಸಿನಕ್ಕೆ ಸುಣ್ಣ ಬೆರೆಸಿ ಆರತಿಯ ಓಕುಳಿ ಕಲಸಿ ಕೊಟ್ಟರು. ಈ ಎಸಳಿನಿಂದ ಬೂಟಿಗೆ ಹೊಳಪು ಕೊಡುತ್ತಿದ್ದರೆಂದೇ ದಾಸವಾಳಕ್ಕೆ ಇಂಗ್ಲಿಷಿನಲ್ಲಿ 'ಶೂ ಫ್ಲವರ್' ಎಂಬ ಹೆಸರೂ ಉಂಟು. ವಾರ್ಹೋಲ್ ಹೆಸರಾಂತ ಕಲಾವಿದನಾಗುವ ಮೊದಲು ಹೊಟ್ಟೆಪಾಡಿಗೆ ಬರೆಯುತ್ತಿದ್ದುದು ಬೂಟು ಚಪ್ಪಲಿಗಳ ಜಾಹೀರಾತು. ಹೀಗೂ ಒಂದು ನಂಟು!

ನಾಲ್ಕು ಚೌಕ, ನಾಲ್ಕು ದಾಸವಾಳ. ಕಿಟಕಿಯ ಪಕ್ಕದ ಗೋಡೆಗೆ ಅಂಟಿಸಿ ಮನೆಮಂದಿಯೆಲ್ಲ ನಿಂತು ನೋಡಿದೆವು. ಆದರೆ ನಮ್ಮ ಸಂತೋಷ ಹತ್ತು ದಿನವೂ ಉಳಿಯಲಿಲ್ಲ. ಬಿಸಿಲಿಗೆ ನೇರಳೆ ಕಂದಾಯಿತು, ಹಸಿರು ಮಾಸಿತು, ಓಕುಳಿ ಮಂಕಾಯಿತು. ಮಗಳು ಅತ್ತೇಬಿಟ್ಟಳು. ಹೂವಿನ ಬಣ್ಣಕ್ಕೂ ಹೂವಿನಷ್ಟೇ ಆಯುಸ್ಸು ಎಂದು ನಮಗೆ ಮೊದಲೇ ತೋಚಬೇಕಾಗಿತ್ತು. ಮತ್ತೆ ಪೋಸ್ಟರ್ ಕಲರ್ ತಂದು ಎರಡನೆಯ ಸಲ ಅಚ್ಚು ಹಾಕಿದ್ದಾಯಿತು. ಮಾಸಿದ ಹಾಳೆಗಳನ್ನು ಮಾತ್ರ ಎಸೆಯಬೇಡವೆಂದೆ. ಅವೂ ಪ್ರಾಜೆಕ್ಟಿನ ಭಾಗವೇ ಅಲ್ಲವೆ?

ಕೊಸರು ಇಲ್ಲದ ಮೊಳ

ಇಷ್ಟಾದರೆ ಇದೊಂದು ಕೈಕೆಲಸದ ಲೇಖನವಾಗಿ ಮುಗಿಯುತ್ತಿತ್ತು. ಮುಂದೆ ಆದದ್ದೇ ಮುಖ್ಯ.

ದಾಸವಾಳದ ಜೊತೆಗೆ ಇನ್ನೊಂದು ಚಿತ್ರ ಇರಲೆಂದು ಮಗಳಿಗೆ ಅನ್ನಿಸಿತು. ಗುಂಜಾನರಸಿಂಹಸ್ವಾಮಿ ದೇವಸ್ಥಾನಕ್ಕೆ ಹೋಗುವಾಗಲೆಲ್ಲ ನಾವು ಹೂ ಕೊಳ್ಳುವುದು ಒಬ್ಬರ ಹತ್ತಿರವೇ. ಮಲ್ಲಿಗೆ, ಕನಕಾಂಬರ, ನಡುನಡುವೆ ಮರುಗ ಸೇರಿಸಿ ಒತ್ತಾಗಿ ಕಟ್ಟುತ್ತಾರೆ. ಕಣ್ಣು ಗಿರಾಕಿಯ ಮೇಲೆ, ಬಾಯಿ ಮಾತಿನಲ್ಲಿ, ಕೈ ಮಾತ್ರ ತನ್ನ ಪಾಡಿಗೆ ತಾನು: ಎರಡು ಹೂ ಈಚೆಗೆ, ಎರಡು ಆಚೆಗೆ, ತೊಟ್ಟಿಗೆ ತೊಟ್ಟು ಸೇರಿಸಿ, ನೆನೆದ ಬಾಳೆನಾರಿನ ಒಂದು ಸುತ್ತು, ಕುಣಿಕೆ, ಎಳೆತ. ಒಂದು ಮೊಳಕ್ಕೆ ಎಷ್ಟು ಗಂಟೋ, ದಿನಕ್ಕೆ ಎಷ್ಟು ಮೊಳವೋ. ಒಂದನ್ನೇ ಮತ್ತೆ ಮತ್ತೆ ಮಾಡುವುದೇ ಪಾಪ್ ಆರ್ಟ್ ಆದರೆ ಇವರಿಗಿಂತ ದೊಡ್ಡ ಕಲಾವಿದರು ಯಾರು?

ಮಗಳಿಗೆ ಇದು ಹೊಳೆದದ್ದು ನನಗೂ ಸಂತೋಷವೇ. ಅವಳು ಅಪ್ಪನ ಮೊಬೈಲಿನಲ್ಲಿ ದೂರದಿಂದಲೇ ಆ ಕೈಗಳ ಫೋಟೋ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ, ಅಚ್ಚು ಕತ್ತರಿಸಿ, ನಾಲ್ಕು ಚೌಕದಲ್ಲಿ ಕೆಂಪು, ಹಸಿರು, ನೀಲಿ, ಹಳದಿ ಕೈಗಳನ್ನು ಮೂಡಿಸಿದಳು. ಬಹಳ ಚೆನ್ನಾಗಿ ಬಂದಿತ್ತು. ಶುಕ್ರವಾರ ಹೂ ತರಲು ಹೋದಾಗ ಉತ್ಸಾಹದಿಂದ ಅದನ್ನು ಸುರುಳಿ ಸುತ್ತಿ ತಂದು ಬಿಚ್ಚಿ ತೋರಿಸಿದಳು.

ಅವರು ಬಹಳ ಹೊತ್ತು ನೋಡಿದರು. "ಇದು ನನ್ ಕೈಯಲ್ವಾ?" ಅಂದರು.

"ಹೌದು, ನಿಮ್ದೇ! ಶಾಲೇಲಿ ಎಲ್ಲರೂ ನೋಡ್ತಾರೆ."

"ಯಾರ್ನ ಕೇಳಿ ಹಿಡ್ದೆ ಕೂಸೇ? ಬೆಳ್ಳು ಸೊಟ್ಟಗಿರೋದು ಊರ್ಗೆಲ್ಲಾ ಕಾಣ್ಬೇಕಾ?"

ಎಡಗೈಯ ಕಿರುಬೆರಳು ಸ್ವಲ್ಪ ಸೊಟ್ಟಗಿತ್ತು. ಇಷ್ಟು ವರ್ಷ ಅವರ ಕೈಯಿಂದಲೇ ಹೂ ತೆಗೆದುಕೊಂಡ ನಾನು ಅದನ್ನು ಗಮನಿಸಿದ್ದು ಆಗಲೇ. ಅವರು ಸಿಟ್ಟಾಗಲಿಲ್ಲ, ಕೂಗಾಡಲೂ ಇಲ್ಲ. ಎರಡು ಮೊಳ ಅಳೆದು, ಕತ್ತರಿಸಿ, ಎಲೆಯಲ್ಲಿ ಸುತ್ತಿ ಕೊಟ್ಟರು. ಅಷ್ಟೆ. ಯಾವಾಗಲೂ ಮೊಳ ಅಳೆದ ಮೇಲೆ, "ಇದು ಮಗೀಗೆ" ಎಂದು ನಾಲ್ಕು ಬೆರಳಷ್ಟು ಕೊಸರು ಹಾಕುತ್ತಿದ್ದವರು ಅಂದು ಕೊಸರು ಹಾಕಲಿಲ್ಲ.

ದಾರಿಯುದ್ದಕ್ಕೂ ಮಗಳು ಮಾತಾಡಲಿಲ್ಲ. ಮನೆಗೆ ಬಂದು ಕೇಳಿದಳು: "ನಾನು ಅವರನ್ನ ಹೊಗಳೋಕೆ ತಾನೆ ಬರೆದದ್ದು? ತಪ್ಪೇನು ಮಾಡಿದೆ?"

ಹೂವಿನ ಫೋಟೋ ತೆಗೆದಾಕೆ

ಉತ್ತರ ಸಿಕ್ಕಿದ್ದು ಆ ವಾರ್ಹೋಲನ ದಾಸವಾಳದ ಕಥೆಯಲ್ಲೇ. ಆತ ಆ ಹೂಗಳನ್ನು ಗಿಡ ನೋಡಿ ಬರೆದದ್ದಲ್ಲ. 1964ರ ಜೂನ್ ತಿಂಗಳ 'ಮಾಡರ್ನ್ ಫೋಟೋಗ್ರಫಿ' ಎಂಬ ಪತ್ರಿಕೆಯಲ್ಲಿ ಬಂದಿದ್ದ ಒಂದು ಫೋಟೋ ಅದು. ತೆಗೆದವರು ಪೆಟ್ರೀಷಿಯಾ ಕಾಲ್‌ಫೀಲ್ಡ್ ಎಂಬ ಮಹಿಳೆ. ಅವರ ಫೋಟೋದಿಂದ ನಾಲ್ಕು ಹೂಗಳನ್ನಷ್ಟೇ ಕತ್ತರಿಸಿಕೊಂಡು ಅಚ್ಚು ಹಾಕಿದ ವಾರ್ಹೋಲ್ ಅವರನ್ನು ಕೇಳಿರಲಿಲ್ಲ, ಹೆಸರನ್ನೂ ಹಾಕಿರಲಿಲ್ಲ. ಚಿತ್ರಗಳು ನ್ಯೂಯಾರ್ಕಿನಲ್ಲಿ ಪ್ರದರ್ಶನ ಕಂಡು ಮಾರಾಟವಾದವು. 1966ರಲ್ಲಿ ಆಕೆ ದಾವೆ ಹೂಡಿದರು. ಕೊನೆಗೆ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಅದಾದ ಮೇಲೆ ವಾರ್ಹೋಲ್ ಸಾಮಾನ್ಯವಾಗಿ ತನ್ನ ಚಿತ್ರಕ್ಕೆ ಬೇಕಾದ ಫೋಟೋಗಳನ್ನು ತಾನೇ ತೆಗೆಯತೊಡಗಿದನಂತೆ.

ಹೂವು ಯಾರ ಸ್ವತ್ತೂ ಅಲ್ಲ ನಿಜ. ಆದರೆ ಬೆಳಕು ನೋಡಿ, ಹತ್ತಿರ ಹೋಗಿ, ಹದವಾಗಿ ನಿಂತು ಆ ಹೂವನ್ನು ಫೋಟೋದಲ್ಲಿ ಹಿಡಿದ ಕೆಲಸ ಒಬ್ಬರದು. ಆ ಕೆಲಸಕ್ಕೆ ಒಂದು ಹೆಸರಿದೆ.

ಇನ್ನೂ ಒಂದು ಸಂಗತಿಯನ್ನು ನಾನು ಮಗಳಿಗೆ ಹೇಳಿದೆ. ವಾರ್ಹೋಲನ ತಾಯಿ ಜೂಲಿಯಾ ಯುರೋಪಿನ ಬಡಹಳ್ಳಿಯಿಂದ ಅಮೆರಿಕಕ್ಕೆ ವಲಸೆ ಬಂದ ಹೆಂಗಸು. ಕಷ್ಟದ ದಿನಗಳಲ್ಲಿ ಆಕೆ ಹಣ್ಣಿನ ಖಾಲಿ ಡಬ್ಬಗಳ ತಗಡು ಕತ್ತರಿಸಿ ಹೂ ಮಾಡಿ ಮನೆಮನೆಗೆ ಮಾರುತ್ತಿದ್ದಳು. ತಾನು ಡಬ್ಬಗಳ ಚಿತ್ರ ಬರೆಯಲು ಅಮ್ಮನ ಆ ತಗಡಿನ ಹೂಗಳೇ ಕಾರಣವೆಂದು ಮಗನೇ ಮುಂದೆ ಹೇಳಿಕೊಂಡ. ಅವನ ಚಿತ್ರಗಳಿಗೆ ಎಷ್ಟೋ ಸಲ ಅಕ್ಷರ ಬರೆದುಕೊಡುತ್ತಿದ್ದವಳೂ ಆಕೆಯೇ. 1950ರ ದಶಕದಲ್ಲಿ ಬೆಕ್ಕುಗಳ ಚಿತ್ರದ ಒಂದು ಪುಟ್ಟ ಪುಸ್ತಕವನ್ನೂ ಆಕೆ ಮಾಡಿದಳು. ಅದರ ಮೇಲೆ ಇದ್ದ ಹೆಸರೇನು ಗೊತ್ತೆ? 'ಆಂಡಿ ವಾರ್ಹೋಲನ ತಾಯಿ.' ಜೂಲಿಯಾ ಅಂತಲ್ಲ.

ಇದನ್ನು ಕೇಳುತ್ತಿದ್ದ ಅತ್ತೆಯವರು ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ನನ್ನನ್ನೂ ಈ ಬೀದೀಲಿ ಇಂಥವನ ತಾಯಿ ಅಂತಲೇ ಕರೆಯೋದು" ಅಂದರು. ಯಾರೂ ನಗಲಿಲ್ಲ.

ಮಲ್ಲಿತಮ್ಮನ ಹೆಸರು

ಮುಂದಿನ ಭಾನುವಾರ ಯಜಮಾನರು ನಮ್ಮನ್ನು ಸೋಮನಾಥಪುರಕ್ಕೆ ಕರೆದುಕೊಂಡು ಹೋದರು. ಅದು ನಮ್ಮ ತಾಲ್ಲೂಕಿನದೇ ಆದರೂ ನೆಂಟರು ಬಂದಾಗ ಬಿಟ್ಟರೆ ಹೋಗುವುದಿಲ್ಲ. ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ, 13ನೆಯ ಶತಮಾನದಲ್ಲಿ ಕಟ್ಟಿದ ಕೇಶವ ದೇವಾಲಯ. 2023ರಲ್ಲಿ ಬೇಲೂರು ಹಳೇಬೀಡಿನೊಡನೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಹೂವಿನ ಪ್ರಾಜೆಕ್ಟಿಗೆ ಅಲ್ಲಿ ಬೇಕಾದಷ್ಟು ಸಿಕ್ಕಿತು. ಒಳಗೆ ತಲೆ ಎತ್ತಿ ನೋಡಿದರೆ ಚಾವಣಿಯ ನಡುವಿನಿಂದ ಬಾಳೆಮೂತಿಯಂತೆ ಕಲ್ಲಿನ ಮೊಗ್ಗು ಇಳಿಬಿದ್ದಿದೆ. ಒಂದು ಚಾವಣಿಯ ಹಾಗೆ ಇನ್ನೊಂದಿಲ್ಲ. ಹೊರಗೋಡೆಯಲ್ಲಿ ಆನೆ, ಕುದುರೆ, ಬಳ್ಳಿ ಮತ್ತೆ ಮತ್ತೆ ಬಂದು ಸುತ್ತುತ್ತವೆ. "ಅಮ್ಮ, ಇದೂ ಪಾಪ್ ಆರ್ಟೇ" ಅಂದಳು ಮಗಳು. ಅಷ್ಟು ಸುಲಭವಾಗಿ ಹಾಗೆನ್ನಲಾಗದು, ಆದರೂ ಅವಳ ಕಣ್ಣು ತೆರೆದಿತ್ತಲ್ಲ ಎಂದು ಸುಮ್ಮನಾದೆ.

ಗೋಡೆಯ ವಿಗ್ರಹಗಳ ಪೀಠದ ಮೇಲೆ ಹಳಗನ್ನಡ ಲಿಪಿಯಲ್ಲಿ ಸಣ್ಣ ಬರಹಗಳಿವೆ. ಕೆತ್ತಿದವರ ಹೆಸರುಗಳು ಅವು. ಹೆಚ್ಚಾಗಿ ಸಿಗುವುದು ಮಲ್ಲಿತಮ್ಮ ಎಂಬ ಶಿಲ್ಪಿಯದು. ರಾಜನ ಹೆಸರು ಶಾಸನದಲ್ಲಿದೆ, ಕಟ್ಟಿಸಿದ ದಂಡನಾಯಕ ಸೋಮನಾಥನ ಹೆಸರು ಊರಿಗೇ ಇದೆ. ಉಳಿ ಹಿಡಿದವನ ಹೆಸರು ಅವನು ಕೆತ್ತಿದ ದೇವರ ಪಾದದ ಬುಡದಲ್ಲಿದೆ. ಏಳುನೂರಕ್ಕೂ ಹೆಚ್ಚು ವರ್ಷವಾದ ಮೇಲೂ ನಾವು ಅದನ್ನು ಹೇಳುತ್ತಿದ್ದೇವೆ.

ಮೈಸೂರು ಮಲ್ಲಿಗೆಗೆ ಸರ್ಕಾರದ ಭೌಗೋಳಿಕ ಗುರುತು ಇದೆ, ನಂಜನಗೂಡು ರಸಬಾಳೆಗೂ ಇದೆ. ಬೇರೆ ಕಡೆ ಬೆಳೆದದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಹೂವಿಗೆ ಊರಿನ ಹೆಸರು ಸಿಕ್ಕಿತು, ಹಣ್ಣಿಗೆ ಸಿಕ್ಕಿತು. ಕಟ್ಟುವ ಕೈಗೆ?

ಬಸ್ಸಿನಲ್ಲಿ ಮಗಳು ತಾನಾಗಿಯೇ ಅಂದಳು: "ನಾಳೆ ಹೋಗಿ ಕೇಳ್ತೀನಮ್ಮ. ಬೇಡ ಅಂದ್ರೆ ಆ ಚಿತ್ರ ಇಡಲ್ಲ."

ಪ್ರದರ್ಶನಕ್ಕೆ ಆರು ದಿನ ಉಳಿದಿತ್ತು.

ಕೇಳಿದಾಗ ಸಿಕ್ಕಿದ್ದು

ನಾನು ಜೊತೆಗೆ ಹೋದೆ, ಆದರೆ ದೂರ ನಿಂತೆ. ತಪ್ಪು ಅವಳದು, ಮಾತೂ ಅವಳದೇ ಆಗಬೇಕು. ಮಗಳು ಬುಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಏನೋ ಹೇಳಿದಳು. ಅವರು ಹೂ ಕಟ್ಟುತ್ತಲೇ ಕೇಳಿಸಿಕೊಂಡರು. ಆಮೇಲೆ ಅವರ ದನಿ ನನ್ನವರೆಗೂ ಬಂತು.

"ಕೇಳಿದ್ರೆ ಬ್ಯಾಡ ಅಂತಿದ್ನಾ ಕನವ್ವ? ಕೇಳ್ನಿಲ್ವಲ್ಲ ಅಂತ ನನ್ಗೆ."

ಸ್ವಲ್ಪ ಹೊತ್ತಿನ ಮೇಲೆ ಚಿತ್ರ ಮತ್ತೆ ಬಿಚ್ಚಿಸಿದರು. ಈ ಸಲ ಕಣ್ಣು ಕಿರಿದು ಮಾಡಿ ನೋಡಿದ್ದು ಬೇರೆಯೇ ರೀತಿ. "ಬೆಳ್ಳು ಇರ್ಲಿ ಬುಡು, ಅದೂ ನಂದೇಯ. ಈ ನಾರು ಮಾತ್ರ ತಪ್ಪು. ಹಿಂಗೆ ಸುತ್ತಿದ್ರೆ ಹೂವು ಸಂಜೆಗಂಟ ನಿಂತದಾ? ಉದುರೋಯ್ತದೆ. ಬಾ ಇಲ್ಲಿ" ಎಂದು ಮಗಳ ಕೈಗೆ ನಾರು ಕೊಟ್ಟರು.

ಅಂದು ಮಗಳು ಕಟ್ಟಿದ ಒಂದು ಗೇಣು ಮಾಲೆ ಮನೆಗೆ ಬರುವ ಹೊತ್ತಿಗೆ ಅರ್ಧ ಉದುರಿತ್ತು. ಮೂರನೆಯ ದಿನ ನಿಂತಿತು. ನಾರಿನ ಸುತ್ತು ಹೇಗೆಂದು ಬೆರಳಿಗೆ ಗೊತ್ತಾದ ಮೇಲೆ ಹೊಸ ಅಚ್ಚು ಕತ್ತರಿಸಿದಳು. ಮೊದಲಿನ ಚಿತ್ರ ಫೋಟೋದ ನಕಲಾಗಿತ್ತು. ಇದು ಬಲ್ಲವರ ಚಿತ್ರವಾಯಿತು. ಅದನ್ನು ಒಯ್ದು ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಕೆಳ್ಗೆ ನನ್ ಹೆಸ್ರು ಬರ್ದೀಯಾ?"

ಪ್ರದರ್ಶನದ ದಿನ ಒಂದು ಗೋಡೆಯ ಮೇಲೆ ನಾಲ್ಕು ದಾಸವಾಳ, ಪಕ್ಕದಲ್ಲಿ ಮಾಸಿಹೋದ ಹಳೆಯ ನಾಲ್ಕು, ಆಚೆ ನಾಲ್ಕು ಬಣ್ಣದ ಕೈಗಳು. ಕೆಳಗೆ ಎರಡು ಚೀಟಿ. 'ಹೂ ಕಟ್ಟಿದ ಕೈ' ಎಂದು ಅವರ ಹೆಸರು, 'ಚಿತ್ರ' ಎಂದು ಮಗಳ ಹೆಸರು. ಅತ್ತೆಯವರ ಓಕುಳಿಗೂ ಒಂದು ಚೀಟಿ ಇತ್ತು, ಅವರ ಸ್ವಂತ ಹೆಸರಿನಲ್ಲಿ. ಅದನ್ನು ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಹೂವಿನವರ ಹೆಸರು ಇಲ್ಲಿ ಯಾಕೆ ಬರೆದಿಲ್ಲವೆಂದು ನೀವು ಕೇಳಬಹುದು. ಚಿತ್ರದ ಕೆಳಗೆ ಹಾಕಲು ಅವರು ಒಪ್ಪಿದ್ದರು. ಪತ್ರಿಕೆಯಲ್ಲಿ ಬೇಡವೆಂದರು. ಕೇಳಿಯೇ ಬರೆಯುತ್ತಿದ್ದೇನೆ.

ಬಹುಮಾನವೇ? ಅದು ಥರ್ಮೋಕೋಲಿನ ಅರಮನೆಗೆ ಹೋಯಿತು. ಇರಲಿ ಬಿಡಿ. ಮಧ್ಯಾಹ್ನ ಬಿಡುವು ಮಾಡಿಕೊಂಡು ಅವರು ಬಂದಿದ್ದರು. ಚಿತ್ರದ ಮುಂದೆ ನಿಂತು, ಸೆರಗಿನಿಂದ ಕೈ ಒರೆಸಿಕೊಂಡು, ತಮ್ಮ ಕೈಯನ್ನೊಮ್ಮೆ ಗೋಡೆಯ ಮೇಲಿನ ಕೈಯನ್ನೊಮ್ಮೆ ನೋಡಿದರು. ಮರುವಾರ ಹೂ ತರಲು ಹೋದಾಗ ಎರಡು ಮೊಳ ಅಳೆದರು, ಕತ್ತರಿಸುವ ಮೊದಲು ತಡೆದು, ನಾಲ್ಕು ಬೆರಳು ಮುಂದೆ ಸರಿಸಿ ಕತ್ತರಿಸಿದರು.

"ಇದು ಮಗೀಗೆ."

ನೀವೂ ಮಾಡಿಸಿ ನೋಡಿ

1. ಮೊದಲು ಹೂವನ್ನು ನೋಡದೆ ಒಂದು ಚಿತ್ರ, ನೋಡಿಕೊಂಡು ಒಂದು ಚಿತ್ರ ಬರೆಸಿ. ಎರಡನ್ನೂ ಇಟ್ಟುಕೊಳ್ಳಿ. ವ್ಯತ್ಯಾಸ ಮಗುವಿಗೇ ತಿಳಿಯುತ್ತದೆ.

2. ಎಸಳು ಕಡಿಮೆ ಇರುವ ದೊಡ್ಡ ಹೂ ಆರಿಸಿ. ದಾಸವಾಳ ಎಲ್ಲಕ್ಕಿಂತ ಸುಲಭ. ಅಮೆರಿಕದ ಜಾರ್ಜಿಯಾ ಓಕೀಫ್ 1932ರಲ್ಲಿ ಬರೆದ ಬಿಳಿ ದತ್ತೂರಿ ಹೂವಿನ ಚಿತ್ರ 2014ರಲ್ಲಿ 4 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು. ಆಕೆ ಪಾಪ್ ಆರ್ಟಿನವಳಲ್ಲ, ಆದರೆ ಹೂವನ್ನು ದೊಡ್ಡದು ಮಾಡಿ ನೋಡುವುದನ್ನು ಆಕೆಯಿಂದ ಕಲಿಯಬಹುದು. ಶಿವನಿಗೆ ಪ್ರಿಯವಾದರೂ ದತ್ತೂರಿ ವಿಷದ ಗಿಡ. ಮಕ್ಕಳ ಕೈಗೆ ಕೊಡಬೇಡಿ.

3. ಬರೆದ ಚಿತ್ರದ ಜೆರಾಕ್ಸ್ ಪ್ರತಿಯನ್ನು ಹಳೆಯ ಎಕ್ಸ್-ರೇ ಹಾಳೆಗೆ ಅಂಟಿಸಿ, ಗೆರೆಯ ಮೇಲೇ ಕತ್ತರಿಸಿ. ಎಸಳಿಗೂ ಎಸಳಿಗೂ ನಡುವೆ ಸಣ್ಣ ಪಟ್ಟಿ ಬಿಡಿ, ಇಲ್ಲದಿದ್ದರೆ ಎಲ್ಲ ಸೇರಿ ಒಂದೇ ತೂತಾಗುತ್ತದೆ. ಬ್ಲೇಡಿನ ಕೆಲಸ ದೊಡ್ಡವರದು.

4. ಪೋಸ್ಟರ್ ಕಲರ್ ದೋಸೆಹಿಟ್ಟಿನಷ್ಟು ನೀರಾಗಬಾರದು, ಗಟ್ಟಿ ಚಟ್ನಿಯ ಹದವಿರಲಿ. ಸ್ಪಂಜಿನ ತುಂಡಿನಿಂದ ಮೇಲಿನಿಂದ ಒತ್ತಿ, ಎಳೆಯಬೇಡಿ. ಒಂದು ಬಣ್ಣ ಒಣಗಿದ ಮೇಲೆ ಇನ್ನೊಂದು.

5. ಒಂದೇ ಅಳತೆಯ ನಾಲ್ಕು ಚೌಕ ಮಾಡಿ. ಆಕಾರ ಒಂದೇ ಇರಲಿ, ಬಣ್ಣ ಬದಲಾಗಲಿ. ಅಂಚಿಗೆ ಬೆಂಡೆಕಾಯಿ ಅಚ್ಚು ಚೆನ್ನಾಗಿ ಒಪ್ಪುತ್ತದೆ.

6. ಹೂವಿನ ರಸದ ಬಣ್ಣ ಆಟಕ್ಕೆ ಸರಿ, ಗೋಡೆಗೆ ಅಲ್ಲ. ಬಿಸಿಲು ತಾಗದಂತೆ ಪುಸ್ತಕದೊಳಗೆ ಇಟ್ಟರೆ ಸ್ವಲ್ಪ ದಿನ ಹೆಚ್ಚು ಬಾಳುತ್ತದೆ.

7. ಯಾರದಾದರೂ ಮುಖ, ಕೈ, ಕೆಲಸ ಚಿತ್ರಕ್ಕೆ ಬೇಕಾದರೆ ಮೊದಲು ಕೇಳಿ. ಒಪ್ಪಿದರೆ, ಹೆಸರು ಹಾಕಲೇ ಎಂದೂ ಕೇಳಿ. ಬಣ್ಣ ಕಲಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಇದು. ಏಳನೆಯದಾಗಿ ಬರೆದಿದ್ದೇನೆ, ಏಕೆಂದರೆ ನಾವೂ ಅದನ್ನು ತಡವಾಗಿಯೇ ಕಲಿತದ್ದು.